ಮಂಚಕ್ಕೆ ದೂರವಿದ್ದವರ ಧ್ವನಿ

ಹೊನ್ನಾವರದ ಹಿರಿಯ ಬಂಧುಗಳಿಗೆ ನಮಸ್ಕಾರ.

ಕರಪತ್ರದಲ್ಲಿ ಇಂದಿನ ವಿಷಯ ‘ಹಿರಿಯರ ಆರೈಕೆ’ ಎಂದು ಅಚ್ಚಾಗಿದೆ. ಅಷ್ಟು ದೊಡ್ಡ ವಿಷಯ ನನ್ನ ಕೈಗೆ ಎಟುಕುವುದಿಲ್ಲ. ಮನೆಯ ಹಿರಿಯರಿಗೆ ವಾಸಿಯಾಗದ ಕಾಯಿಲೆ ಬಂದಾಗ ಮುಂದೇನು ಎಂದು ತೀರ್ಮಾನಿಸುವವರು ಯಾರು ಎಂಬುದನ್ನಷ್ಟೇ ಮಾತನಾಡುತ್ತೇನೆ. ವೈದ್ಯನಾಗಿ ಮೂವತ್ತೊಂದು ವರ್ಷ ಈ ಸೀಮೆಯ ಜಗುಲಿಗಳಲ್ಲಿ ಕುಳಿತು ಕಂಡದ್ದು ಇಷ್ಟು: ರೋಗಿಯ ಮಂಚಕ್ಕೆ ಎಷ್ಟು ದೂರವೋ ಧ್ವನಿ ಅಷ್ಟು ದೊಡ್ಡದು.

ಒಂದು ಮನೆಯ ಸಂಗತಿ ಹೇಳುತ್ತೇನೆ, ಹೆಸರು ಬೇಡ. ಎಪ್ಪತ್ತೊಂಬತ್ತರ ಯಜಮಾನರು, ನಾಲ್ಕು ಎಕರೆ ಅಡಿಕೆ ತೋಟ. ಚೌತಿಯ ಹೊತ್ತಿಗೆ ಕಣ್ಣು ಹಳದಿಯಾಯಿತು. ಮೊದಲು ಕಾಮಾಲೆಯ ನಾಟಿಮದ್ದು, ಆಮೇಲೆ ದೊಡ್ಡ ಊರಿನ ಸ್ಕ್ಯಾನ್. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಪಿತ್ತಜನಕಾಂಗಕ್ಕೂ ಹಬ್ಬಿತ್ತು. ಹಿರಿಮಗ ಬೆಂಗಳೂರಿನಲ್ಲಿ, ಕಿರಿಮಗ ಅಮೆರಿಕದಲ್ಲಿ. ತೋಟ ನೋಡಿಕೊಳ್ಳುವವನು ನಡುವಿನವನು. ರಿಪೋರ್ಟ್ ಬಂದ ದಿನ ಹಿರಿಮಗ ನನ್ನನ್ನು ಅಂಗಳದ ತುದಿಗೆ ಕರೆದೊಯ್ದು ಹೇಳಿದ: “ಡಾಕ್ಟರೇ, ಅಪ್ಪನಿಗೆ ಕಾಮಾಲೆ ಎಂದಷ್ಟೇ ಹೇಳಿ. ವಿಷಯ ಗೊತ್ತಾದರೆ ಎದೆ ಒಡೆದುಕೊಳ್ಳುತ್ತಾರೆ.” ನಾನು ಒಪ್ಪಿಕೊಂಡೆ. ಅದು ನನ್ನ ತಪ್ಪು, ಇಂದಿಗೂ ಮನಸ್ಸಿಗೆ ಚುಚ್ಚುತ್ತದೆ.

ಆ ಸಂಜೆ ಜಗುಲಿಯಲ್ಲಿ ಸಭೆ. ಕಿರಿಮಗ ಮೊಬೈಲಿನ ಪರದೆಯಲ್ಲಿದ್ದ. “ಹಣದ ಯೋಚನೆ ಬೇಡ, ಏನು ಸಾಧ್ಯವೋ ಎಲ್ಲ ಮಾಡಿಸಿ, ಕೀಮೋ ಶುರುಮಾಡಿಸಿ” ಎಂದ. ಹಿರಿಯವನು, “ಇಷ್ಟು ಆಸ್ತಿ ಇಟ್ಟುಕೊಂಡು ಅಪ್ಪನಿಗೆ ಮದ್ದು ಮಾಡಿಸಲಿಲ್ಲ ಎಂದು ಊರವರು ಆಡಿಕೊಳ್ಳುವುದಿಲ್ಲವೇ?” ಎಂದ. ಸೋದರಮಾವ ಬಂದವರು ತಮ್ಮ ಪರಿಚಯದ ಆಸ್ಪತ್ರೆಯ ಗುಣಗಾನ ಮಾಡಿದರು. ನಡುವಿನ ಮಗ ನೆಲ ನೋಡುತ್ತ ಕುಳಿತಿದ್ದ. ಅವನ ಹೆಂಡತಿ ಎರಡು ಬಾರಿ ಕಷಾಯ ತಂದಿಟ್ಟು ಒಳಗೆ ಹೋದಳು. ರಾತ್ರಿ ಎರಡು ಗಂಟೆಗೆ ಎದ್ದು ಮಾವನ ಹಾಸಿಗೆ ಬದಲಿಸುತ್ತಿದ್ದವಳು ಅವಳೇ. ಯಾರೂ ಅವಳನ್ನು ಕೇಳಲಿಲ್ಲ. ನಾನೂ ಕೇಳಲಿಲ್ಲ.

ಹೊರಡುವ ಮೊದಲು ಒಳಗೆ ಹೋದೆ. ಯಜಮಾನರು ಗೋಡೆಗೆ ಒರಗಿ ಕುಳಿತಿದ್ದರು. “ಡಾಕ್ಟರೇ, ಈ ಸಲದ ಕೊನೆ ಕೊಯ್ಲು ನೋಡುತ್ತೇನೆಯೇ?” ಎಂದರು. ಕಾಮಾಲೆ ಇಳಿಯುತ್ತದೆ, ಯಾಕೆ ನೋಡುವುದಿಲ್ಲ ಎಂದೆ. ಅವರು ನಕ್ಕರು. “ನಾನು ಕೇಳಿದ್ದು ಮರದ ಮೇಲಿನ ಅಡಿಕೆ ಕೊನೆಯ ಮಾತು. ಇನ್ನೊಂದು ಕೊನೆ ನನಗೆ ಗೊತ್ತು. ಮಕ್ಕಳಿಗೆ ಹೇಳಬೇಡಿ, ಪಾಪ, ಹೆದರಿಕೊಳ್ಳುತ್ತಾರೆ.”

ನೋಡಿ, ಅಪ್ಪನಿಗೆ ತಿಳಿಯಬಾರದೆಂದು ಮಕ್ಕಳು, ಮಕ್ಕಳಿಗೆ ತಿಳಿಯಬಾರದೆಂದು ಅಪ್ಪ. ನಮ್ಮ ಕಡೆ ರಾತ್ರಿಯಿಡೀ ಯಕ್ಷಗಾನದ ಆಟ ನೋಡುವವರಿದ್ದೇವೆ, ಆದರೆ ಇಷ್ಟು ತಿಂಗಳು ವೇಷ ಕಳಚದೆ ಇರುವುದು ಬಹಳ ಕಷ್ಟ. ಆಮೇಲೆ ತಿಳಿಯಿತು, ಅವರು ಸೊಸೆಯ ಹತ್ತಿರ ಎಲ್ಲವನ್ನೂ ಹೇಳಿದ್ದರು. ಆಸ್ಪತ್ರೆ ಬೇಡ, ತೋಟದ ವಾಸನೆ ಬರುವ ಈ ಕೋಣೆಯಲ್ಲೇ ಇರುತ್ತೇನೆ, ನೋವಿಗೆ ಮಾತ್ರ ಏನಾದರೂ ಕೊಡಿ ಎಂದು. ಅವಳು ಅದನ್ನು ಜಗುಲಿಯಲ್ಲಿ ಹೇಳಿದ್ದರೆ? “ಮಾವನನ್ನು ನೋಡಿಕೊಳ್ಳಲು ಬೇಸರ, ಅದಕ್ಕೇ ಹಾಗೆನ್ನುತ್ತಾಳೆ” ಎಂಬ ಮಾತು ಬರುತ್ತಿತ್ತು. ಸೊಸೆಯ ಬಾಯಿಗೆ ಬೀಗ ಹಾಕುವುದು ಇದೇ.

ಮನೆಮಂದಿ ಕೂಡಿ ತೀರ್ಮಾನಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಒಬ್ಬನೇ ರೋಗಿ ವೈದ್ಯನ ಎದುರು ಕುಳಿತು ತನ್ನ ಸಾವಿನ ಲೆಕ್ಕ ಹಾಕುವ ರೀತಿ ನಮಗೆ ಒಗ್ಗುವುದಿಲ್ಲ, ಒಗ್ಗಬೇಕೆಂದೂ ಇಲ್ಲ. ಕೂಡಿ ಕುಳಿತವರಲ್ಲಿ ಯಾರು ಸೇರಿಲ್ಲ ಎಂಬುದೇ ನನ್ನ ತಕರಾರು.

ಸಂಪ್ರದಾಯ ಒಂದೇ ದಿಕ್ಕಿಗೆ ಎಳೆಯುತ್ತದೆ ಎಂದೂ ತಿಳಿಯಬೇಡಿ. ಪ್ರಾಣ ಮನೆಯಲ್ಲೇ ಹೋಗಬೇಕು, ಬಾಯಿಗೆ ತುಳಸಿ ನೀರು ಬೀಳಬೇಕು ಎನ್ನುವವರು ನಾವೇ. ಧನಿಷ್ಠಾ ಪಂಚಕದ ಅಶುಭ ನಕ್ಷತ್ರಗಳಲ್ಲಿ ಸತ್ತರೆ ತಿಂಗಳುಗಟ್ಟಲೆ ಮನೆ ಬಿಡಬೇಕಲ್ಲ ಎಂದು ಪಂಚಾಂಗ ನೋಡಿ, ಉಸಿರು ಸಣ್ಣಗಾದವರನ್ನು ಆಸ್ಪತ್ರೆಗೆ ಸಾಗಿಸುವವರೂ ನಾವೇ. ಬಾಡಿಗೆ ಮನೆಯಾದರೆ ಮಾಲೀಕರ ಮುಖ ಬೇರೆ. ನಾನು ಇದನ್ನು ನೋಡಿ ನಗುವುದಿಲ್ಲ. ಅಂಥ ಮನೆಯವರಿಗೆ, ಮೊದಲೇ ಪುರೋಹಿತರನ್ನು ಕೇಳಿ, ಶಾಂತಿಗೆ ದಾರಿ ಇದೆ ಎಂದು ಹೇಳುತ್ತೇನೆ. ನಕ್ಷತ್ರದ ಭಯಕ್ಕೆ ಪರಿಹಾರ ಇದ್ದೇ ಇದೆ. ವೆಂಟಿಲೇಟರ್ ಮೇಲೆ ಒಬ್ಬರೇ ಕಳೆದ ಹದಿನೈದು ದಿನಕ್ಕೆ ಯಾವ ಶಾಂತಿ ಮಾಡಿಸುವುದು?

ನಮ್ಮ ಜಿಲ್ಲೆಗೆ ಇನ್ನೊಂದು ಸಂಕಟವಿದೆ, ದೂರ. ಮಣಿಪಾಲವಾಗಲಿ, ಹುಬ್ಬಳ್ಳಿಯಾಗಲಿ, ಇಲ್ಲಿಂದ ನೂರು ಕಿಲೋಮೀಟರ್‌ಗಿಂತ ಹೆಚ್ಚು. ಅಲ್ಲಿ ಆಸೆ ಮುಗಿದ ಮೇಲೆ, “ಜೀವ ಇರುವಾಗಲೇ ಊರು ಮುಟ್ಟಿಸೋಣ” ಎಂದು ವೈದ್ಯರ ಸಲಹೆ ಮೀರಿ ಸಹಿ ಹಾಕಿ ಹೊರಡುತ್ತಾರೆ. ಆಂಬ್ಯುಲೆನ್ಸಿನಲ್ಲಿ ಒಬ್ಬರು ದಾರಿಯುದ್ದಕ್ಕೂ ರಬ್ಬರ್ ಚೀಲ ಒತ್ತಿ ಉಸಿರು ತುಂಬುತ್ತಿರುತ್ತಾರೆ. ಮನೆ ಮುಟ್ಟಿದ ಮೇಲೆ ನೋವಿಗೆ ಮಾತ್ರೆ ಇಲ್ಲ, ಏನು ಮಾಡಬೇಕೆಂಬ ಚೀಟಿ ಇಲ್ಲ. ಆ ಪ್ರಯಾಣವನ್ನು ಮೂರು ವಾರ ಮೊದಲೇ, ಮಾತನಾಡುವ ಶಕ್ತಿ ಇರುವಾಗಲೇ ಮಾಡಿಸಿದ್ದರೆ ಮನೆಯಲ್ಲಿ ಎಷ್ಟೋ ಮಾಡಬಹುದಿತ್ತು. ರೋಗ ವಾಸಿಯಾಗದಿದ್ದರೂ ನೋವು, ಸಂಕಟ ತಗ್ಗಿಸುವ ಆ ಕೆಲಸಕ್ಕೆ ಉಪಶಮನ ಆರೈಕೆ ಎಂಬ ಹೆಸರಿದೆ. ಬಾಯಿಯಿಂದ ಕೊಡುವ ಮಾರ್ಫಿನ್ ನೋವನ್ನೂ ಉಸಿರಾಟದ ಕಷ್ಟವನ್ನೂ ತಗ್ಗಿಸುತ್ತದೆ. ಅದು ಅಫೀಮು, ಕೊಟ್ಟರೆ ಕತೆ ಮುಗಿಯಿತು ಎಂಬ ಭಯ ಮನೆಯವರಿಗಷ್ಟೇ ಅಲ್ಲ, ಕೆಲವು ವೈದ್ಯರಿಗೂ ಇದೆ. ಅದನ್ನು ಒದಗಿಸಲು ಸುಲಭವಾಗಲಿ ಎಂದೇ 2014ರಲ್ಲಿ ಮಾದಕ ವಸ್ತುಗಳ ಕಾಯ್ದೆಗೆ ತಿದ್ದುಪಡಿ ತಂದರು.

ಊಟದ ವಿಷಯವನ್ನಂತೂ ಕೇಳಲೇಬೇಡಿ. “ಎರಡು ತುತ್ತಾದರೂ ತಿನ್ನಲಿ” ಎಂಬುದು ನಮ್ಮ ಪ್ರೀತಿಯ ಭಾಷೆ. ಕೊನೆಯ ದಿನಗಳಲ್ಲಿ ದೇಹ ಅನ್ನ ಕೇಳುವುದನ್ನೇ ಬಿಡುತ್ತದೆ. ಆಗ ಮೂಗಿನ ನಳಿಗೆಯಲ್ಲಿ ರಾಗಿ ಗಂಜಿ ಇಳಿಸಿದರೆ ಸಮಾಧಾನವಾಗುವುದು ಸಾಮಾನ್ಯವಾಗಿ ಇಳಿಸಿದವರಿಗೆ.

ಈಗ ಕಾನೂನಿನ ಮಾತು. ಇದೇ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ನಿಮಗೆ ಗೊತ್ತು. ಮುಂಬೈಯ ಕೆಇಎಂ ಆಸ್ಪತ್ರೆಯ ನರ್ಸ್. 1973ರ ನವೆಂಬರ್ 27ರಂದು ಅಲ್ಲಿಯೇ ದಾಳಿಗೆ ಒಳಗಾಗಿ, 2015ರ ಮೇ 18ರಂದು ಸಾಯುವವರೆಗೆ ಹಾಸಿಗೆಯಲ್ಲೇ ಉಳಿದರು. ಅವರ ಆಹಾರ ನಿಲ್ಲಿಸಲು ಅನುಮತಿ ಕೋರಿ ಪತ್ರಕರ್ತೆಯೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. 2011ರ ಮಾರ್ಚ್ 7ರ ತೀರ್ಪಿನಲ್ಲಿ ಬಹಳ ಜನ ಗಮನಿಸದ ಒಂದು ಅಂಶವಿದೆ. ಅರುಣಾ ಪರವಾಗಿ ಮಾತನಾಡುವ ಹಕ್ಕು ಅಷ್ಟು ವರ್ಷ ಅವರನ್ನು ಆರೈಕೆ ಮಾಡಿದ ಆಸ್ಪತ್ರೆಯ ಸಿಬ್ಬಂದಿಯದು ಎಂದಿತು ನ್ಯಾಯಾಲಯ. ಮೂವತ್ತೇಳು ವರ್ಷ ಮಲಗಿದ್ದರೂ ಮೈಮೇಲೆ ಒಂದು ಹಾಸಿಗೆ ಹುಣ್ಣು ಆಗದಂತೆ ನೋಡಿಕೊಂಡವರು ಅವರು. ಅವರಿಗೆ ಅರುಣಾ ಬದುಕಬೇಕಿತ್ತು, ಕೋರಿಕೆ ತಿರಸ್ಕಾರವಾಯಿತು. ತೀರ್ಪಿನ ಉಳಿದ ಭಾಗದ ಬಗ್ಗೆ ವಾದ ಇರಲಿ. ಮಂಚದ ಹತ್ತಿರ ಇದ್ದವರು ಯಾರು ಎಂದು ಕೇಳಿದ್ದು ಮಾತ್ರ ನನಗೆ ಸರಿ ಎನಿಸುತ್ತದೆ.

ಅದೇ ನ್ಯಾಯಾಲಯದ 2018ರ ಮಾರ್ಚ್ 9ರ ತೀರ್ಪು, ಕೊನೆಗಾಲದಲ್ಲಿ ತನಗೆ ಯಾವ ಚಿಕಿತ್ಸೆ ಬೇಡ ಎಂಬ ಇಚ್ಛೆಯನ್ನು ಮುಂಚಿತವಾಗಿಯೇ ಬರೆದಿಡುವ ಹಕ್ಕನ್ನು ಕೊಟ್ಟಿತು, 2023ರಲ್ಲಿ ಅದರ ಕ್ರಮ ಸರಳವಾಯಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ನಿಮಗೆ ಮಾತು ನಿಂತಾಗ ಯಾರನ್ನು ಕೇಳಬೇಕು ಎಂದು ಹೆಸರು ಬರೆಯಬೇಕು. ಸೊಸೆಯ ಹೆಸರನ್ನೂ ಬರೆಯಬಹುದು. ಚಿಕಿತ್ಸೆ ನಿಲ್ಲಿಸುವ ಮುನ್ನ ವೈದ್ಯರ ಎರಡು ಮಂಡಳಿಗಳು ನೋಡುತ್ತವೆ. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದರ ಸುತ್ತೋಲೆ ಹೊರಡಿಸಿದೆ. ಚುಚ್ಚುಮದ್ದು ಕೊಟ್ಟು ಸಾಯಿಸುವುದು ಇದಲ್ಲ, ಅದಕ್ಕೆ ನಮ್ಮ ದೇಶದಲ್ಲಿ ಅನುಮತಿ ಇಲ್ಲ.

ನಮ್ಮಲ್ಲಿ ಎಷ್ಟೋ ಹಿರಿಯರು ದಿನವೂ ಸಂಜೆ ದೀಪ ಹಚ್ಚಿ ‘ಅನಾಯಾಸೇನ ಮರಣಂ’, ಕಷ್ಟವಿಲ್ಲದ ಸಾವು ಕೊಡು ಎಂದು ಬೇಡುತ್ತಾರೆ. ದೇವರ ಮುಂದೆ ಬೇಡಿದ್ದನ್ನು ಮಗನ ಮುಂದೆ ಒಮ್ಮೆಯೂ ಹೇಳಿರುವುದಿಲ್ಲ. ಐಸಿಯು ಬಾಗಿಲಲ್ಲಿ ಸಹಿ ಹಾಕುವವನು ಮಗ.

ಆ ಯಜಮಾನರ ವಿಷಯ ಬಾಕಿ ಉಳಿಯಿತು. ಕೀಮೋ ಒಂದು ಸುತ್ತು ಆಯಿತು. ಎರಡನೆಯದಕ್ಕೆ ಹೊರಡುವ ದಿನ ಅವರು ಗಾಡಿ ಹತ್ತಲಿಲ್ಲ. ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತು, “ಅಡಿಕೆ ಕೊಯ್ಯಲು ಕೊನೆಗೌಡ ನಾಡಿದ್ದು ಬರುತ್ತಾನೆ, ನಾನು ಇರಬೇಕು” ಎಂದರು. ಮೊದಲ ಕೊಯ್ಲಿನ ಅಡಿಕೆ ಅದೇ ಅಂಗಳದಲ್ಲಿ ಒಣಗುತ್ತಿರುವಾಗ ಹೋದರು. ತುಳಸಿ ನೀರು ಬಿಟ್ಟವಳು ಸೊಸೆ. ಹಿರಿಮಗ ದಾರಿಯಲ್ಲಿದ್ದ.

ನಾನೂ ಹೋದ ವರ್ಷ ನನ್ನ ಇಚ್ಛಾಪತ್ರ ಬರೆಸಿ ಮಗಳಿಗೆ ಒಂದು ಪ್ರತಿ ಕಳಿಸಿದೆ. ಎರಡು ದಿನ ಅವಳು ಮಾತನಾಡಲಿಲ್ಲ. ಮೂರನೆಯ ದಿನ ಫೋನ್ ಮಾಡಿ, “ಮೂಗಿನ ನಳಿಗೆ ಬೇಡ ಎಂದು ಬರೆದಿದ್ದೀಯ, ಸರಿ. ಕಾಫಿಯ ಬಗ್ಗೆ ಏನೂ ಬರೆದಿಲ್ಲವಲ್ಲ ಅಪ್ಪಾ?” ಎಂದಳು. ಗಂಟಲಲ್ಲಿ ಇಳಿಯುವವರೆಗೆ ಕೊಡು, ಸಕ್ಕರೆ ಕಡಿಮೆ ಮಾಡಬೇಡ ಎಂದೆ.