ಥಂಡಿಯಲ್ಲಿ ಸೈಕಲ್ ಸವಾರಿ, ಕಡೇಲಿ ಬರೋರ ಕಡೆ ಒಂದು ಕಣ್ಣು

ಕೇಳುಗರೆಲ್ಲರಿಗೂ ನಮಸ್ಕಾರ.

ಡಿಸೆಂಬರ್ ಬಂತು ಅಂದ್ರೆ ದಾವಣಗೆರೆ, ಚಿತ್ರದುರ್ಗದ ಸೈಕಲ್ ಗೆಳೆಯರ ಫೋನಲ್ಲಿ ಒಂದೇ ಮಾತು, ಈ ಸಲ ಹಿರಿಯೂರು ಮುಟ್ಟಿ ಬರೋಣ್ವಾ ಅಂತ. ದಾವಣಗೆರೆಯಿಂದ ದುರ್ಗಕ್ಕೆ 60 ಕಿಲೋಮೀಟರ್ ಚಿಲ್ಲರೆ, ಅಲ್ಲಿಂದ ಹಿರಿಯೂರಿಗೆ ಇನ್ನೊಂದು 40, ಹೋಗಿ ಬಂದ್ರೆ ಹೆಚ್ಚುಕಮ್ಮಿ 200 ಆಗ್ತದೆ. ದೂರದ ಸೈಕ್ಲಿಂಗ್ ಮಾಡೋರು ಬ್ರೆವೆ ಅಂತಾರಲ್ಲ, ಅದರ ಮೊದಲ ಮೆಟ್ಟಿಲೂ ಈ 200 ಕಿಲೋಮೀಟರೇ, ಅದಕ್ಕೆ ಹದಿಮೂರೂವರೆ ಗಂಟೆ ಟೈಮ್ ಕೊಡ್ತಾರೆ, ಅಲ್ಲಿ ಫಸ್ಟು ಸೆಕೆಂಡು ಅಂತ ಏನೂ ಇಲ್ಲ, ಟೈಮಿನೊಳಗೆ ಮುಗಿಸಿದೋರೆಲ್ಲ ಒಂದೇ.

ಚಳಿಗಾಲದ ಸವಾರಿ ಬಗ್ಗೆ ಮಾತಾಡೋವಾಗ ಎಲ್ಲರೂ ಮುಂದಿರೋರ ಸ್ಪೀಡು, ಯಾವ ಸೈಕಲ್, ಎಷ್ಟು ಗೇರು ಅಂತ ಕೇಳ್ತಾರೆ. ನಾನು ಇವತ್ತು ಗುಂಪಿನ ಕಡೇಲಿ ಬರೋರ ಬಗ್ಗೆ ಮಾತಾಡ್ತೀನಿ, ಯಾಕಂದ್ರೆ ಬೇಸಿಗೇಲಿ ಹಿಂದೆ ಉಳಿದವರು ಒಂದು ಹುಣಸೆ ಮರದಡಿ ಕೂತು ನೀರು ಕುಡಿದು ಸುಧಾರಿಸ್ಕೊಂಡು ಆಮೇಲೆ ಬರಬಹುದು, ಥಂಡೀಲಿ ಹಂಗಾಗಲ್ಲ, ಒಬ್ಬರೇ ಉಳಿದ್ರೆ ಗಾಳಿ ಪೂರ್ತಿ ಅವರ ಎದೆಗೇ ಬೀಳ್ತದೆ, ನಿಂತ್ರೆ ಬೆವರು ಆರಿ ನಡುಕ ಶುರುವಾಗ್ತದೆ, ನಡುಕ ಬಂದ ಮೇಲೆ ಪೆಡಲ್ ತುಳಿಯೋಕೆ ಮನಸ್ಸೇ ಬರಲ್ಲ.

ಗಾಳಿ ವಿಷಯ ದುರ್ಗದೋರಿಗೆ ನಾನು ಹೊಸದಾಗಿ ಹೇಳೋದೇನಿಲ್ಲ, ಗುಡ್ಡಗಳ ಮೇಲೆ ಸಾಲಾಗಿ ಗಾಳಿಯಿಂದ ಕರೆಂಟ್ ತೆಗೆಯೋ ಫ್ಯಾನು ನಿಲ್ಸಿರೋದೇ ಅದಕ್ಕೆ. ಹೈವೇಲಿ ಬರೋವಾಗ ಆ ಫ್ಯಾನುಗಳನ್ನ ಒಂಚೂರು ಗಮನಿಸಿ. ಮಳೆಗಾಲದಲ್ಲಿ ಪಡುವಣಕ್ಕೆ ಮುಖ ಮಾಡಿರ್ತವೆ, ಈಗ ಮೂಡಲ ಕಡೆ ತಿರುಗಿರ್ತವೆ, ಅಂದ್ರೆ ಗಾಳಿ ಆ ಕಡೆಯಿಂದ ಬರ್ತಿದೆ ಅಂತ ಅರ್ಥ. ದಾವಣಗೆರೆಯಿಂದ ಹಿರಿಯೂರಿಗೆ ಹೋಗೋ ರಸ್ತೆ ಆಗ್ನೇಯಕ್ಕೆ ಇಳೀತಾ ಹೋಗೋದ್ರಿಂದ ಹೋಗೋವಾಗ ಆ ಗಾಳಿ ನಮ್ಮ ಎಡಗೆನ್ನೆಗೆ ಹೊಡೀತದೆ, ವಾಪಸ್ ಬರೋವಾಗ ಬೆನ್ನು ತಳ್ಳಿಕೊಡ್ತದೆ. ಇನ್ನೊಂದು ಅನುಕೂಲ ಏನಂದ್ರೆ ರಾತ್ರಿ ನೆಲ ತಣ್ಣಗಾಗಿ ಕೆಳಗಿನ ಗಾಳಿ ಮಲಗಿರ್ತದೆ, ಬಿಸಿಲೇರಿ ನೆಲ ಕಾದ ಮೇಲೇನೇ ಮೇಲಿನ ಗಾಳಿ ಕೆಳಗಿಳಿದು ಜೋರಾಗೋದು. ಹಂಗಾಗಿ ಬೆಳಿಗ್ಗೆ ಐದೂವರೆಗೆ ಹೊರಟೋರು ಎದುರುಗಾಳಿ ದಾರೀಲಿ ಮುಕ್ಕಾಲು ಪಾಲು ಶಾಂತವಾಗಿ ಕಳೀತಾರೆ, ಎಂಟಕ್ಕೆ ಟಿಫನ್ ಮುಗಿಸಿ ಹೊರಟೋರು ಇಡೀ ದಾರಿ ಗಾಳಿ ಜೊತೆ ಗುದ್ದಾಡ್ತಾರೆ.

ಗುಂಪಲ್ಲಿ ಹೋಗೋದ್ರ ದೊಡ್ಡ ಲಾಭ ಅಂದ್ರೆ ಮುಂದಿನವರ ಮರೆ. ನೇರ ಎದುರುಗಾಳಿ ಇದ್ರೆ ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋದ್ರೆ ಸಾಕು, ಹಿಂದಿರೋರಿಗೆ ಶ್ರಮ ಎಷ್ಟೋ ಕಮ್ಮಿ. ಆದರೆ ನಮ್ಮ ಈ ರಸ್ತೇಲಿ ಗಾಳಿ ಎಡದಿಂದ ಓರೆಯಾಗಿ ಬರ್ತದಲ್ಲ, ಆಗ ಮರೆ ಸಿಗೋದು ಮುಂದಿನವರ ಬಲಗಡೆ ಹಿಂದೆ, ನೀವೇ ಯೋಚನೆ ಮಾಡಿ, ಬಲಗಡೆ ಏನಿದೆ, ಲಾರಿ, ಬಸ್ಸು, ಸ್ಪೀಡಲ್ಲಿ ಬರೋ ಕಾರು. ಹತ್ತು ಜನ ಓರೆ ಸಾಲು ಕಟ್ಟೋಕೆ ಹೋದ್ರೆ ಅರ್ಧ ರಸ್ತೆ ನಮ್ಮದೇ ಆಗ್ತದೆ, ಅದು ಖಂಡಿತ ಬೇಡ. ನಮ್ಮೋರು ರೂಢಿ ಮಾಡ್ಕೊಂಡಿರೋದು ಹಿಂಗೆ, ದೊಡ್ಡ ಗುಂಪನ್ನ ಮೂರು ನಾಲ್ಕು ಜನದ ಸಣ್ಣ ಗುಂಪು ಮಾಡಿ, ಬಿಳಿ ಗೆರೆಯಿಂದ ಆಚೆ ಯಾರೂ ಕಾಲಿಡದ ಹಾಗೆ, ಮುಂದೆ ಇರೋರು ಒಂದೆರಡು ನಿಮಿಷಕ್ಕೇ ಪಾಳಿ ಬಿಟ್ಟು ಹಿಂದಕ್ಕೆ ಬರೋದು. ಬಲ ಇರೋರು ಎದುರುಗಾಳೀಲಿ ಇನ್ನೊಂದು ಪಾಳಿ ಜಾಸ್ತಿ ಎಳೀತಾರೆ, ಸುಸ್ತಾದೋರ ಪಾಳಿ ತಪ್ಪಿಸ್ತಾರೆ, ಅದನ್ನ ಯಾರೂ ಲೆಕ್ಕ ಇಡಲ್ಲ.

ಹಿಂದಿರೋರಿಗಾಗಿ ಎಲ್ಲಿ ನಿಲ್ತೀವಿ ಅನ್ನೋದು ಬಹಳ ಮುಖ್ಯ ಕಣ್ರೀ. ಏರು ಹತ್ತಿ ಮುಗಿದ ಕೂಡ್ಲೆ ತುದೀಲಿ ನಿಂತು ಕಾಯೋದು ಎಲ್ಲರ ಅಭ್ಯಾಸ, ಬೇಸಿಗೇಲಿ ಸರಿ, ಥಂಡೀಲಿ ಅದು ತಪ್ಪು. ಬೆವರಿದ ಮೈಗೆ ಗಾಳಿ ಹೊಡೆಯೋ ಜಾಗ ಅದು, ಮುಂದೆ ಬಂದೋರು ಹತ್ತು ನಿಮಿಷ ನಡುಗಿ, ಹಿಂದಿನವರು ಏದುಸಿರು ಬಿಡ್ತಾ ಬರ್ತಿದ್ದ ಹಾಗೆ ಸರಿ ಹೊರಡೋಣ ಅಂತಾರೆ, ನಿಜವಾಗ್ಲೂ ರೆಸ್ಟ್ ಬೇಕಾದವರಿಗೆ ರೆಸ್ಟೇ ಸಿಗಲ್ಲ. ಒಂದು ಅಂಡರ್‌ಪಾಸ್, ಒಂದು ಬಸ್ ಸ್ಟಾಪಿನ ಗೋಡೆ, ಇಲ್ಲಾ ಒಲೆ ಉರೀತಿರೋ ಹೋಟ್ಲು, ಇಂಥ ಕಡೆ ಮೊದಲೇ ಜಾಗ ಗೊತ್ತು ಮಾಡ್ಕೊಂಡು ಅಲ್ಲೇ ಸೇರಬೇಕು. ಗುಂಪಿನ ಕಟ್ಟಕಡೇಲಿ ಅನುಭವ ಇರೋ ಒಬ್ಬರು ಇರಬೇಕು, ಪಂಪು ಟ್ಯೂಬು ಅವರ ಹತ್ರನೇ ಇರಬೇಕು, ಅವರು ಬಂದ್ರು ಅಂದ್ರೆ ಎಲ್ಲಾ ಬಂದಂಗೆ.

ಭರಮಸಾಗರದ ಹತ್ರ ಒಂದು ಸಣ್ಣ ಹೋಟ್ಲಲ್ಲಿ ಒಮ್ಮೆ ಹಿಂಗೇ ನಿಂತಿದ್ವಿ. ಡಿಗ್ರಿ ಲೆಕ್ಕದಲ್ಲಿ 15ರ ಆಸುಪಾಸು ಅಷ್ಟೇ, ಆದ್ರೆ ಎರಡು ಗಂಟೆ ಗಾಳಿಗೆ ಮುಖ ಕೊಟ್ಟು ಬಂದ ಒಬ್ಬ ಹುಡುಗನ ಬೆರಳು ಎಷ್ಟು ಸೆಡೆತಿದ್ವು ಅಂದ್ರೆ ಶೇಂಗಾ ಚಿಕ್ಕಿ ಕವರ್ ಹರಿಯೋಕಾಗ್ತಿಲ್ಲ, ಹಲ್ಲಲ್ಲಿ ಕಚ್ಚಿ ಎಳೀತಿದ್ದಾನೆ, ಅದೂ ಆಗ್ತಿಲ್ಲ. ಹೋಟ್ಲಿನ ಅಜ್ಜಿ ನೋಡಿದ್ರು, "ಏನಪ್ಪಾ ತಮ್ಮಾ, ಕೈ ಕಟ್ಟಿಗೆ ಆಗೈತಲ್ಲೋ, ಬಾ ಒಲಿ ಮುಂದೆ ಕೂತ್ಕ" ಅಂದು ಬಿಸಿ ಚಾ ಲೋಟ ಎರಡೂ ಕೈಗೆ ಹಿಡಿಸಿ, ಚಿಕ್ಕೀನ ತಾವೇ ಮುರಿದು ಕೊಟ್ರು. ಚಿಕ್ಕಿ ತಿನ್ನೋಕಾಗದ ಕೈ ಬ್ರೇಕ್ ಹೆಂಗೆ ಹಿಡೀತದೆ ಹೇಳಿ, ಅವನು ಅದೇ ಕೈಯಲ್ಲಿ ಲಾರಿಗಳ ಪಕ್ಕ ಬಂದಿದ್ದ. ಅವತ್ತಿಂದ ನಮ್ಮ ಗುಂಪಲ್ಲಿ ಹೊರಡೋ ಮುಂಚೆ ಎಲ್ಲರ ಗ್ಲೌಸ್ ನೋಡ್ತೀವಿ, ಇಲ್ಲದೋರಿಗೆ ಯಾರಾದ್ರೂ ಒಂದು ಜೊತೆ ಕೊಟ್ಟೇ ಕೊಡ್ತಾರೆ.

ಬಟ್ಟೆ ವಿಷಯಕ್ಕೆ ದುಡ್ಡು ಸುರಿಯೋ ಅಗತ್ಯ ಇಲ್ಲ. ಒಂದು ದಪ್ಪ ಸ್ವೆಟರ್ ಬದಲು ಎರಡು ಮೂರು ತೆಳ್ಳಗಿನವು, ಬಿಸಿಲು ಬಂದ ಹಾಗೆ ಒಂದೊಂದೇ ಬಿಚ್ಚಿ ಬೆನ್ನ ಕಿಸೆಗೆ ತುರುಕೋದು, ಕಿವಿ ಮುಚ್ಚೋಕೆ ಹೆಲ್ಮೆಟ್ ಕೆಳಗೆ ತೆಳುವಾದ ಟೋಪಿ. ಎದೆಗೆ ಹಳೇ ನ್ಯೂಸ್ ಪೇಪರ್ ಮಡಚಿ ಅಂಗಿ ಒಳಗಿಟ್ಟರೆ ಗಾಳಿ ಒಳಗೆ ನುಗ್ಗಲ್ಲ, ಯುರೋಪಿನ ರೇಸ್ ಸವಾರರು ಬೆಟ್ಟ ಇಳಿಯೋವಾಗ ಎಷ್ಟೋ ಕಾಲದಿಂದ ಮಾಡ್ತಾ ಬಂದಿರೋ ಉಪಾಯ ಇದು. ಇನ್ನು ನೀರು, ಚಳೀಲಿ ಬಾಯಾರಿಕೆ ಗೊತ್ತೇ ಆಗಲ್ಲ, ಆದ್ರೂ ಮೈ ನೀರು ಕಳ್ಕೊಳ್ತಾನೇ ಇರ್ತದೆ, ಆಗಾಗ ಗುಟುಕು ಗುಟುಕಾಗಿ ಕುಡೀಬೇಕು.

ಸರ್ವಿಸ್ ರೋಡಲ್ಲಿ ಹೋಗೋರು ಇನ್ನೊಂದು ಗಮನಿಸಿ. ಈಗ ಮೆಕ್ಕೆಜೋಳದ ಕಾಲ, ದಾವಣಗೆರೆ ಸುತ್ತ ರೈತರು ರಸ್ತೆ ಅಂಚಲ್ಲಿ ಜೋಳ ಹರವಿರ್ತಾರೆ, ಸುತ್ತ ಕಲ್ಲಿಟ್ಟಿರ್ತಾರೆ. ಮಂಜಲ್ಲಿ ಆ ಕಲ್ಲು ಹತ್ತಿರ ಬರೋವರೆಗೂ ಕಾಣಲ್ಲ, ಕಾಳಿನ ಮೇಲೆ ಚಕ್ರ ಹೋದ್ರೆ ಜಾರೋದು ಗ್ಯಾರಂಟಿ. ಒಣಗಿಸೋಕೆ ಕಣ ಇಲ್ಲದೇ ರೈತರು ರಸ್ತೆಗೆ ತಂದಿರ್ತಾರೆ, ಅವರ ಮೇಲೆ ಸಿಟ್ಟಾಗೋದು ಬೇಡ, ಮುಂದಿರೋರು ಕೈ ಕೆಳಗೆ ತೋರ್ಸಿ "ಕಲ್ಲು" ಅಂತ ಕೂಗಬೇಕು, ಆ ಕೂಗು ಒಬ್ಬರಿಂದ ಒಬ್ಬರಿಗೆ ದಾಟಿ ಕಡೆಯವರ ಕಿವಿಗೂ ಬೀಳಬೇಕು. ಹಿಂದೆ ಕೆಂಪು ಲೈಟು, ಮುಂದೆ ಬಿಳಿ ಲೈಟು, ಮೈಮೇಲೆ ಹೊಳೆಯೋ ಜಾಕೆಟ್ಟು, ಇವಿಲ್ಲದೆ ಯಾರೂ ಹೊರಡಬಾರದು.

ಹಿರಿಯೂರು ಮುಟ್ಟಿದ ಮೇಲೆ ಯಾರಾದ್ರೂ ಒಬ್ಬರು ಮಾರಿಕಣಿವೆ ಇಲ್ಲೇ ಇದೆಯಲ್ಲ, ನೋಡ್ಕೊಂಡೇ ಹೋಗೋಣ ಅಂತಾರೆ. ಆಸೆ ನನಗೂ ಇದೆ, 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು, 1933 ಆದ ಮೇಲೆ 2022ರಲ್ಲಿ ಕೋಡಿ ಬಿದ್ದಾಗ ಇಡೀ ಜಿಲ್ಲೆನೇ ನೋಡೋಕೆ ಹೋಗಿತ್ತು. ಆದ್ರೆ ಡಿಸೆಂಬರಲ್ಲಿ ಬೆಳಕು ಇರೋದು ಹನ್ನೊಂದು ಗಂಟೆ ಚಿಲ್ಲರೆ, ಆರಕ್ಕೆಲ್ಲ ಸೂರ್ಯ ಮುಳುಗ್ತಾನೆ, ಕತ್ತಲಾದ ಮೇಲೆ ಹೈವೇಲಿ ಇನ್ನೂ ದೂರದಲ್ಲಿ ಉಳಿಯೋರು ನಿಧಾನದವರೇ. ಕಣಿವೆಗೆ ಬೇರೆ ದಿನ ಇಟ್ಕೊಳ್ಳಿ.

ದಾವಣಗೆರೆ ಮುಟ್ಟಿದ ಕೂಡ್ಲೆ ಕಾಲು ತಾವಾಗೇ ಬೆಣ್ಣೆ ದೋಸೆ ಹೋಟ್ಲ ಕಡೆ ಎಳೀತವೆ, ಹೋಗಿ, ಆದ್ರೆ ಮೊದಲು ಒದ್ದೆ ಅಂಗಿ ಬಿಚ್ಚಿ ಒಣಗಿದ್ದು ಹಾಕ್ಕೊಳ್ಳಿ, ಆಮೇಲೆ ತಲೆ ಎಣಿಸಿ, ಒಬ್ಬರು ಕಮ್ಮಿ ಇದ್ರೆ ಫೋನ್ ಮಾಡಿ, ಎತ್ತದಿದ್ರೆ ಇಬ್ಬರು ಸ್ಕೂಟರ್ ತಗೊಂಡು ವಾಪಸ್ ಹೋಗಿ. ದೋಸೆ ಆರ್ಡರ್ ಎಲ್ಲಾ ಬಂದ ಮೇಲೆ.

ನಮಸ್ಕಾರ.