ತಿರುಗುವ ಭೂಮಿ, ಉಬ್ಬಿದ ನಡು

ಕೇಳುಗರಿಗೆ ನಮಸ್ಕಾರ.

ಭೂಮಿ ಯಾವ ಆಕಾರದಲ್ಲಿದೆ, ವಿಶ್ವದಲ್ಲಿ ಅದು ಅಚಲವಾಗಿ ನಿಂತಿದೆಯೇ ತಿರುಗುತ್ತಿದೆಯೇ ಎಂಬ ಎರಡು ಪ್ರಶ್ನೆಗಳನ್ನು ನಾವು ಸಾಮಾನ್ಯವಾಗಿ ಒಟ್ಟಿಗೇ ಕೇಳುತ್ತೇವೆ. ಆದರೆ ಮೊದಲನೆಯ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟ ನಮ್ಮ ಪ್ರಾಚೀನ ಖಗೋಳ ಗಣಿತಜ್ಞರು ಎರಡನೆಯದರ ವಿಷಯದಲ್ಲಿ ತಮ್ಮೊಳಗೆ ಒಮ್ಮತಕ್ಕೆ ಬಂದಿರಲಿಲ್ಲ. ಬಹುಕಾಲ ಬೇರೆಬೇರೆಯಾಗಿಯೇ ಉಳಿದಿದ್ದ ಈ ಎರಡು ಪ್ರಶ್ನೆಗಳು ಒಂದನ್ನೊಂದು ಸಂಧಿಸಿದ ಬಗೆಯನ್ನೂ ಆ ಕಥೆಯಲ್ಲಿ ನಮ್ಮ ಬೆಂಗಳೂರಿಗೆ ಸಿಕ್ಕಿದ ಪಾತ್ರವನ್ನೂ ಇಂದು ಹೇಳಬಯಸುತ್ತೇನೆ.

ಕ್ರಿ.ಶ. 499ರ ಹೊತ್ತಿಗೆ ಆರ್ಯಭಟ, ಭೂಮಿ ಎಲ್ಲ ಕಡೆಯಿಂದಲೂ ಗುಂಡಗಿದೆ ಎಂದಷ್ಟೇ ಹೇಳಿ ಸುಮ್ಮನಾಗಲಿಲ್ಲ, ಅದು ತಿರುಗುತ್ತದೆ ಎಂದೂ ಹೇಳಿದ. ಮುಂದಕ್ಕೆ ಸಾಗುವ ದೋಣಿಯಲ್ಲಿ ಕುಳಿತವನಿಗೆ ದಡದ ವಸ್ತುಗಳು ಹಿಂದಕ್ಕೆ ಸರಿಯುವಂತೆ ಕಾಣುವ ಹಾಗೆಯೇ, ಕದಲದೆ ಇರುವ ನಕ್ಷತ್ರಗಳು ಪಶ್ಚಿಮಕ್ಕೆ ಸಾಗುವಂತೆ ನಮಗೆ ತೋರುತ್ತವೆ ಎಂಬುದು ಅವನ ವಿವರಣೆ. ವರಾಹಮಿಹಿರ ಇದನ್ನು ಒಪ್ಪಲಿಲ್ಲ. ಭೂಮಿ ತಿರುಗುವುದಾದರೆ ಆಕಾಶಕ್ಕೆ ಹಾರಿದ ಗಿಡುಗ ಮರಳಿ ತನ್ನ ಗೂಡನ್ನು ಸೇರುವುದು ಹೇಗೆ ಎಂದು ಅವನು ಕೇಳಿದ. ಅದು ಹಗುರವಾದ ಪ್ರಶ್ನೆಯಲ್ಲ. ಗಾಳಿಯೂ ಹಕ್ಕಿಯೂ ಭೂಮಿಯೊಂದಿಗೇ ಚಲಿಸುತ್ತಿರುತ್ತವೆ ಎಂದು ಇಂದು ಶಾಲೆಯ ಮಕ್ಕಳೂ ಉತ್ತರಿಸಬಹುದು. ಆದರೆ ಚಲನೆಯ ನಿಯಮಗಳು ತಿಳಿಯದಿದ್ದ ಕಾಲದಲ್ಲಿ ಆ ಆಕ್ಷೇಪಕ್ಕೆ ಸಮಾಧಾನ ಹೇಳುವುದು ಸುಲಭವಾಗಿರಲಿಲ್ಲ.

ಸಹ್ಯಾದ್ರಿಯ ಆಸುಪಾಸಿನವರಾದ ಭಾಸ್ಕರಾಚಾರ್ಯರು 1150ರ ಸಿದ್ಧಾಂತಶಿರೋಮಣಿಯಲ್ಲಿ ಆಕಾರದ ಪ್ರಶ್ನೆಯನ್ನು ಅಚ್ಚುಕಟ್ಟಾಗಿ ಬಿಡಿಸಿದ್ದಾರೆ. ಯಾವುದೇ ವೃತ್ತದ ಪರಿಧಿಯ ನೂರನೇ ಒಂದು ಭಾಗ ನೇರವಾಗಿಯೇ ಕಾಣುತ್ತದೆ. ಭೂಮಿ ಬಹು ದೊಡ್ಡದು, ಅದರ ಮೇಲೆ ನಿಂತ ಮನುಷ್ಯ ತೀರ ಚಿಕ್ಕವನು. ಆದುದರಿಂದಲೇ ಅವನಿಗೆ ಅದು ಸಮತಟ್ಟಾಗಿ ತೋರುತ್ತದೆ ಎನ್ನುತ್ತಾರೆ ಅವರು. ಭೂಮಿಯನ್ನು ಯಾವುದೋ ಒಂದು ಆಧಾರ ಹೊತ್ತಿದೆ ಎಂದರೆ ಆ ಆಧಾರಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು ಬೇಕಾಗುತ್ತದೆ. ಇದಕ್ಕೆ ಕೊನೆಯಿಲ್ಲ, ಹಾಗಾಗಿ ಅದು ತನ್ನ ಶಕ್ತಿಯಿಂದಲೇ ಆಕಾಶದಲ್ಲಿ ನಿಂತಿದೆ ಎಂಬ ಅವರ ವಾದ ಇಂದಿಗೂ ಮನಸ್ಸನ್ನು ತಟ್ಟುತ್ತದೆ. ಇಷ್ಟು ಸ್ಪಷ್ಟವಾಗಿ ಯೋಚಿಸಿದ ಅವರೂ ಭೂಮಿ ಅಚಲವೆಂದೇ ತಿಳಿದಿದ್ದರು.

ಭೂಮಿ ತಿರುಗುತ್ತದೆಂಬುದಕ್ಕೆ ಸಾಕ್ಷಿಯ ಸುಳಿವು ಒಂದು ಗಡಿಯಾರದಿಂದ ದೊರೆಯಿತು. 1672ರಲ್ಲಿ ಫ್ರಾನ್ಸಿನ ಖಗೋಳಜ್ಞ ಜಾನ್ ರಿಶೇ ದಕ್ಷಿಣ ಅಮೆರಿಕದ ಕಯೆನ್ ಎಂಬಲ್ಲಿಗೆ, ಅಂದರೆ ಭೂಮಧ್ಯರೇಖೆಗೆ ಕೇವಲ ಐದು ಡಿಗ್ರಿ ಉತ್ತರದ ಊರಿಗೆ, ಹೋದಾಗ ಪ್ಯಾರಿಸ್ಸಿನಲ್ಲಿ ಸರಿಯಾಗಿ ನಡೆಯುತ್ತಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಅದನ್ನು ಸರಿಪಡಿಸಲು ಲೋಲಕವನ್ನು ಮೂರು ಮಿಲಿಮೀಟರಿಗೂ ತುಸು ಕಡಿಮೆಯಷ್ಟು ಗಿಡ್ಡ ಮಾಡಬೇಕಾಯಿತು. ಅಲ್ಲಿ ಗುರುತ್ವ ಕಡಿಮೆ ಎಂದಾಯಿತು. ನ್ಯೂಟನ್ 1687ರಲ್ಲಿ ಇದರ ಕಾರಣವನ್ನು ಬಿಡಿಸಿ ಹೇಳಿದರು: ಭೂಮಿ ತನ್ನ ಸುತ್ತ ತಾನು ತಿರುಗುವುದರಿಂದ ಭೂಮಧ್ಯರೇಖೆಯ ಬಳಿ ತೂಕ ತುಸು ತಗ್ಗುತ್ತದೆ, ಅದೇ ತಿರುಗುವಿಕೆಯಿಂದ ನಡು ಉಬ್ಬಿ ಧ್ರುವಗಳು ಚಪ್ಪಟೆಯಾಗಿರುವುದರಿಂದ, ಭೂಮಧ್ಯದಲ್ಲಿ ನಿಂತವನು ಕೇಂದ್ರದಿಂದ ಹೆಚ್ಚು ದೂರದಲ್ಲಿರುತ್ತಾನೆ. ಭೂಮಿ ನಿಂತಲ್ಲೇ ನಿಂತಿದ್ದರೆ ಅದಕ್ಕೆ ಈ ಉಬ್ಬು ಬರಲು ಕಾರಣವೇ ಇರುತ್ತಿರಲಿಲ್ಲ. ಹೀಗೆ ಆಕಾರವನ್ನು ಅಳೆಯುವುದೆಂದರೆ ಚಲನೆಯನ್ನು ಪರೀಕ್ಷಿಸುವುದೂ ಆಯಿತು.

ಆದರೆ ಪ್ಯಾರಿಸ್ಸಿನ ಕಸೀನಿ ಮನೆತನದ ಖಗೋಳಜ್ಞರು, ತಮ್ಮ ದೇಶದಲ್ಲಿ ನಡೆದ ಅಳತೆಗಳನ್ನು ನಂಬಿ, ಭೂಮಿ ಧ್ರುವಗಳ ಕಡೆಗೇ ನೀಳವಾಗಿದೆ ಎಂದರು. ಇದನ್ನು ತೀರ್ಮಾನಿಸಲು ಒಂದೇ ದಾರಿಯಿತ್ತು. ಧ್ರುವನಕ್ಷತ್ರ ಒಂದು ಡಿಗ್ರಿ ಮೇಲೇರಬೇಕಾದರೆ ಉತ್ತರಕ್ಕೆ ಎಷ್ಟು ದೂರ ಸಾಗಬೇಕೆಂದು ಬೇರೆಬೇರೆ ಅಕ್ಷಾಂಶಗಳಲ್ಲಿ ಅಳೆಯುವುದು. ನೆಲ ಚಪ್ಪಟೆಯಾಗಿರುವಲ್ಲಿ ಆ ದೂರ ಹೆಚ್ಚಾಗಿರಬೇಕು. 1735ರಲ್ಲಿ ಒಂದು ತಂಡ ಭೂಮಧ್ಯರೇಖೆಯ ಬಳಿಯ ಪೆರುವಿಗೂ ಮರುವರ್ಷ ಇನ್ನೊಂದು ತಂಡ ಯುರೋಪಿನ ಉತ್ತರ ತುದಿಯ ಲ್ಯಾಪ್‌ಲ್ಯಾಂಡಿಗೂ ಹೊರಟವು. ಉತ್ತರದ ಡಿಗ್ರಿಯೇ ಉದ್ದವಾಗಿತ್ತು, ನ್ಯೂಟನ್ನರ ಮಾತೇ ನಿಂತಿತು. ಇಂದಿನ ಲೆಕ್ಕದಲ್ಲಿ ಒಂದು ಡಿಗ್ರಿ ಭೂಮಧ್ಯದಲ್ಲಿ 110.6 ಕಿಲೋಮೀಟರ್, ಧ್ರುವದ ಬಳಿ 111.7 ಕಿಲೋಮೀಟರ್.

ಉಬ್ಬು ಇದೆ ಎಂಬುದು ಖಚಿತವಾದ ಮೇಲೆ ಅದು ಎಷ್ಟು ಎಂಬುದು ಉಳಿಯಿತು, ಅದಕ್ಕೆ ಭೂಮಧ್ಯಕ್ಕೆ ಹತ್ತಿರದ ಅಳತೆಗಳು ಇನ್ನಷ್ಟು ಬೇಕಾಗಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಈಸ್ಟ್ ಇಂಡಿಯಾ ಕಂಪನಿಗೆ ಬೇಕಿದ್ದದ್ದು ತಾನು ಗೆದ್ದ ನೆಲದ ನಕ್ಷೆ. ಆ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್‌ಗೆ ಬೇಕಿದ್ದದ್ದು ಭೂಮಿಯ ಆಕಾರ. ಅವರು 1800ರ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನ ಬಳಿ ಸುಮಾರು ಏಳೂವರೆ ಮೈಲಿಯ ಆಧಾರರೇಖೆಯನ್ನು, ಅಂದರೆ ಉಳಿದ ದೂರಗಳನ್ನು ತ್ರಿಕೋನಗಳ ಮೂಲಕ ಲೆಕ್ಕಹಾಕಲು ತಳಹದಿಯಾಗುವ ನೇರ ಗೆರೆಯನ್ನು, ಅಳೆದರು. ಅಳತೆಗೆ ಬಳಸಿದ್ದು ಚೀನಾದ ಚಕ್ರವರ್ತಿಗೆಂದು ಒಯ್ದು ಅಲ್ಲಿ ಸ್ವೀಕಾರವಾಗದೆ ಉಳಿದಿದ್ದ ನೂರು ಅಡಿಯ ಉಕ್ಕಿನ ಸರಪಳಿ. ಅದನ್ನು ಮರದ ಉದ್ದನೆಯ ಪೆಟ್ಟಿಗೆಗಳಲ್ಲಿ ಮಟ್ಟವಾಗಿ ಹಾಸಿ, ಪಕ್ಕದಲ್ಲಿ ಉಷ್ಣಮಾಪಕ ಇಟ್ಟು, ಬಿಸಿಲಿಗೆ ಉಕ್ಕು ಹಿಗ್ಗಿದ್ದನ್ನೂ ಲೆಕ್ಕದಿಂದ ಕಳೆಯುತ್ತಿದ್ದರು. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅಂಥ ಸರಪಳಿ ಮಿಲಿಮೀಟರಿನ ಸುಮಾರು ಮೂರನೇ ಒಂದು ಪಾಲು ಬೆಳೆಯುತ್ತದೆ. 1804ರಲ್ಲಿ ಬೆಂಗಳೂರಿನ ಹತ್ತಿರ ಮತ್ತೊಂದು ರೇಖೆಯನ್ನು ಅಳೆದಾಗ, ಮದರಾಸಿನ ಆಧಾರರೇಖೆಯಿಂದ ತ್ರಿಕೋನಗಳ ಮೂಲಕ ಲೆಕ್ಕಹಾಕಿ ತಂದ ಉದ್ದಕ್ಕೂ ನೆಲದ ಮೇಲೆ ಸಿಕ್ಕ ಉದ್ದಕ್ಕೂ ಇದ್ದ ವ್ಯತ್ಯಾಸ ನಾಲ್ಕು ಅಂಗುಲವನ್ನೂ ಮೀರಿರಲಿಲ್ಲ. ಇಷ್ಟು ಶ್ರದ್ಧೆಯ ಕೆಲಸ ಈ ಮಣ್ಣಿನ ಮೇಲೆ ನಡೆಯಿತೆಂಬುದು ನಮ್ಮ ಪಾಠಗಳಲ್ಲಿ ಇನ್ನಷ್ಟು ಜಾಗ ಪಡೆಯಬೇಕು.

ಲ್ಯಾಂಬ್ಟನ್ 1823ರಲ್ಲಿ ಹಿಂಗನಘಾಟಿನಲ್ಲಿ, ಕೆಲಸದ ನಡುವೆಯೇ ತೀರಿಕೊಂಡರು. ಅದನ್ನು ಮುಂದುವರಿಸಿದ ಜಾರ್ಜ್ ಎವರೆಸ್ಟ್ 1830ರಲ್ಲಿ ಕೊಟ್ಟ ಲೆಕ್ಕದಂತೆ ಭೂಮಿಯ ಚಪ್ಪಟೆತನ ಸುಮಾರು 301ರಲ್ಲಿ ಒಂದು ಪಾಲು. ಇಂದು ನಾವು ಒಪ್ಪಿರುವುದು 298ರಲ್ಲಿ ಒಂದು. ಎಂದರೆ ಭೂಮಧ್ಯದ ತ್ರಿಜ್ಯ ಧ್ರುವದ ತ್ರಿಜ್ಯಕ್ಕಿಂತ ಸುಮಾರು 21 ಕಿಲೋಮೀಟರ್ ಹೆಚ್ಚು. ನ್ಯೂಟನ್ ಮಾತ್ರ 230ರಲ್ಲಿ ಒಂದು ಎಂದಿದ್ದರು. ಅವರ ಗಣಿತದಲ್ಲಿ ದೋಷವಿರಲಿಲ್ಲ. ಭೂಮಿಯ ಸಾಂದ್ರತೆ ಎಲ್ಲೆಡೆ ಒಂದೇ ಎಂದು ಅವರು ಇಟ್ಟುಕೊಂಡಿದ್ದರು. ಲ್ಯಾಪ್‌ಲ್ಯಾಂಡಿಗೆ ಹೋಗಿದ್ದ ಫ್ರೆಂಚ್ ಗಣಿತಜ್ಞ ಕ್ಲೇರೋ 1743ರಲ್ಲಿ ತೋರಿಸಿದ ಹಾಗೆ, ಒಳಗಿನ ಭಾಗ ಹೊರಗಿನದಕ್ಕಿಂತ ದಟ್ಟವಾಗಿದ್ದರೆ ಉಬ್ಬು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಭೂಮಿಯ ನಡುವಿನಲ್ಲಿರುವುದು ಬಹುಪಾಲು ಕಬ್ಬಿಣದ, ಬಲು ಭಾರವಾದ ತಿರುಳು ಎಂಬುದು ಮುಂದೆ ಭೂಕಂಪದ ಅಲೆಗಳ ಅಧ್ಯಯನದಿಂದ ದೃಢಪಟ್ಟಿತು.