ಕಿರುಮೆದುಳು ಹೆಣೆದುಕೊಳ್ಳುವ ಬಗೆ

ಕೇಳುಗರಿಗೆ ನಮಸ್ಕಾರ.

ತಲೆಯ ಹಿಂಭಾಗದಲ್ಲಿ, ಕತ್ತು ಶುರುವಾಗುವ ಜಾಗದ ಸ್ವಲ್ಪ ಮೇಲೆ ಅಂಗೈ ಇಟ್ಟು ನೋಡಿ. ಆ ಎಲುಬಿನ ಒಳಗೆ ಕಿರುಮೆದುಳು ಇದೆ. ಶಾಲೆಯಲ್ಲಿ ಅನುಮಸ್ತಿಷ್ಕ ಎಂದು ಓದಿರುತ್ತೀರಿ. ತೂಕದಲ್ಲಿ ಇದು ಇಡೀ ಮೆದುಳಿನ ಹತ್ತನೇ ಒಂದು ಪಾಲು. ನರಕೋಶಗಳನ್ನು ಎಣಿಸಿದರೆ ಮಾತ್ರ ಲೆಕ್ಕ ತಲೆಕೆಳಗು: ಮನುಷ್ಯನ ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿ ಇಲ್ಲೇ ಇವೆ. ಅವುಗಳಲ್ಲಿ ಬಹುತೇಕ ಎಲ್ಲವೂ ಗ್ರಾನ್ಯೂಲ್ ಕೋಶಗಳೆಂಬ ಅತಿ ಚಿಕ್ಕ ಕೋಶಗಳು.

ಇಷ್ಟು ದೊಡ್ಡ ಸಂತೆ ನೆರೆಯುವುದು ಹೇಗೆ? ನಮಗೆ ಗೊತ್ತಿರುವ ಹೆಚ್ಚಿನ ವಿವರ ಇಲಿಗಳಿಂದ ಬಂದದ್ದು. ಇಲಿಮರಿಯಲ್ಲಿ ಈ ಕೆಲಸದ ಬಹುಪಾಲು ಹುಟ್ಟಿದ ಮೇಲಿನ ಮೂರು ವಾರಗಳಲ್ಲಿ ನಡೆಯುತ್ತದೆ, ಹಾಗಾಗಿ ದಿನದಿನವೂ ನೋಡಬಹುದು.

ಭ್ರೂಣದಲ್ಲಿ ಕಿರುಮೆದುಳಿನ ಕೋಶಗಳಿಗೆ ಎರಡು ತವರು. ಒಂದು, ಒಳಗಿನ ದ್ರವ ತುಂಬಿದ ಕುಹರದ ಗೋಡೆ. ದೊಡ್ಡ ಗಾತ್ರದ ಪರ್ಕಿಂಜಿ ಕೋಶಗಳು ಇಲ್ಲಿ ಹುಟ್ಟಿ ಹೊರಮೈಯ ಕಡೆಗೆ ಸಾಗುತ್ತವೆ. ಇನ್ನೊಂದು, ಕುಹರದ ಅಂಚಿನಲ್ಲಿರುವ ರಾಂಬಿಕ್ ತುಟಿ. ಗ್ರಾನ್ಯೂಲ್ ಕೋಶಗಳ ತಾಯಿಕೋಶಗಳು ಅಲ್ಲಿಂದ ಹೊರಟು, ಕಿರುಮೆದುಳಿನ ಮೇಲ್ಮೈಯನ್ನೇ ಹಾಸಿನಂತೆ ಮುಚ್ಚಿಕೊಂಡು, ಅಲ್ಲೇ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತವೆ.

ಎಷ್ಟು ಒಡೆಯಬೇಕು ಎಂದು ಹೇಳುವವರು ಯಾರು? ಕೆಳಗೆ ಕುಳಿತ ಪರ್ಕಿಂಜಿ ಕೋಶಗಳು. ಅವು ಸೋನಿಕ್ ಹೆಡ್ಜ್‌ಹಾಗ್ ಎಂಬ ಪ್ರೋಟೀನನ್ನು ಸ್ರವಿಸುತ್ತವೆ. ವಿಡಿಯೊ ಗೇಮಿನ ಪಾತ್ರದ ಹೆಸರೇ, ನೀವು ತಪ್ಪು ಕೇಳಿಸಿಕೊಂಡಿಲ್ಲ. ಆ ಪ್ರೋಟೀನು ಸಿಗುತ್ತಿರುವಷ್ಟು ಕಾಲ ಮೇಲಿನ ಕೋಶಗಳು ಒಡೆಯುತ್ತಲೇ ಇರುತ್ತವೆ.

ಒಡೆಯುವುದನ್ನು ನಿಲ್ಲಿಸಿದ ಗ್ರಾನ್ಯೂಲ್ ಕೋಶ ಮುಂದೆ ಮಾಡುವ ಕೆಲಸ ನನಗೆ ಎಲ್ಲಕ್ಕಿಂತ ಸೊಗಸಾಗಿ ಕಾಣುತ್ತದೆ. ಮೊದಲು ಎಡಕ್ಕೊಂದು, ಬಲಕ್ಕೊಂದು ತಂತು ಚಾಚುತ್ತದೆ. ಆಮೇಲೆ ಬರ್ಗ್‌ಮನ್ ಗ್ಲಿಯಾ ಎಂಬ ಪೋಷಕ ಕೋಶದ ಎಳೆಯನ್ನು ಹಿಡಿದು, ಬಾವಿಗೆ ಹಗ್ಗ ಹಿಡಿದು ಇಳಿದ ಹಾಗೆ, ಪರ್ಕಿಂಜಿ ಕೋಶಗಳ ಸಾಲನ್ನೂ ದಾಟಿ ಒಳಗಿಳಿಯುತ್ತದೆ. ಇಳಿಯುವಾಗ ತನ್ನ ಹಿಂದೆ ನೂಲು ಬಿಡುತ್ತಾ ಹೋಗುತ್ತದೆ. ಕೊನೆಗೆ ಉಳಿಯುವ ಆಕಾರ ಇಂಗ್ಲಿಷಿನ ಟೀ ಅಕ್ಷರದಂತೆ: ಕೆಳಗೆ ಕೋಶ, ನಡುವೆ ಕಾಂಡ, ಮೇಲೆ ಅಡ್ಡತಂತು. ತಂತಿ ಎಳೆದಾದ ಮೇಲೆ ಮನೆಗೆ ಇಳಿಯುವ ಕ್ರಮ ಇದು. ಪರ್ಕಿಂಜಿ ಕೋಶದ ಕೊಂಬೆಗಳು ಬೀಸಣಿಗೆಯಂತೆ ಚಪ್ಪಟೆ. ಮಗ್ಗದಲ್ಲಿ ಹಾಸುನೂಲಿಗೆ ಹೊಕ್ಕುನೂಲು ಅಡ್ಡ ಬಿದ್ದಂತೆ ಈ ತಂತುಗಳು ಅವನ್ನು ಅಡ್ಡಹಾಯುತ್ತವೆ. ಒಂದೊಂದು ಪರ್ಕಿಂಜಿ ಕೋಶಕ್ಕೆ ಹೀಗೆ ಲಕ್ಷಕ್ಕೂ ಮಿಕ್ಕ ಸಂಪರ್ಕಗಳು.

ಇನ್ನೊಂದು ಬಗೆಯ ತಂತು ಮೆದುಳಿನ ಕಾಂಡದ ಆಲಿವ್ ಎಂಬ ಗಂಟಿನಿಂದ ಬರುತ್ತದೆ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದಂತೆ ಇದು ಪರ್ಕಿಂಜಿ ಕೋಶಕ್ಕೆ ಹಬ್ಬುತ್ತದೆ. ಆಗತಾನೆ ಹುಟ್ಟಿದ ಇಲಿಮರಿಯಲ್ಲಿ ಒಂದೇ ಮರಕ್ಕೆ ಹಲವು ಬಳ್ಳಿ. ಮೊದಲ ವಾರದಲ್ಲಿ ಅವುಗಳಲ್ಲೊಂದು ಬಲಿಯುತ್ತದೆ. ಒಂಬತ್ತನೇ ದಿನದ ಸುಮಾರಿಗೆ ಅದು ಕೊಂಬೆಗೆ ಏರತೊಡಗುತ್ತದೆ, ಮಿಕ್ಕವು ಬುಡದಲ್ಲೇ ಉಳಿದು ಮೂರನೇ ವಾರದ ಹೊತ್ತಿಗೆ ಕಳಚಿಕೊಳ್ಳುತ್ತವೆ. ಈ ಕಳೆ ಕೀಳುವ ಕೆಲಸದ ಕೊನೆಯ ಹಂತಕ್ಕೆ ಗ್ರಾನ್ಯೂಲ್ ಕೋಶಗಳ ಅಡ್ಡತಂತುಗಳಿಂದ ಸಂಕೇತ ಬರಲೇಬೇಕು. ಆ ಸಂಕೇತವನ್ನು ಒಳಗೆ ದಾಟಿಸುವ ಕಿಣ್ವವೊಂದು ಇಲ್ಲದ ಇಲಿಗಳಲ್ಲಿ ಹಲವು ಬಳ್ಳಿಗಳು ಹಾಗೇ ಉಳಿಯುತ್ತವೆ, ಅವುಗಳ ಚಲನೆಯಲ್ಲಿ ಹೊಂದಾಣಿಕೆ ತಪ್ಪುತ್ತದೆ.

ಗ್ರಾನ್ಯೂಲ್ ಮತ್ತು ಪರ್ಕಿಂಜಿ ಕೋಶಗಳ ಕೊಡುಕೊಳ್ಳುವಿಕೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ರೀಲರ್ ಇಲಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ತೂರಾಡುತ್ತಾ ನಡೆಯುವ ಈ ಇಲಿಯ ವರದಿ ಬಂದದ್ದು 1951ರಲ್ಲಿ, ಕೆಟ್ಟ ಜೀನ್ ಪತ್ತೆಯಾದದ್ದು 1995ರಲ್ಲಿ. ಗ್ರಾನ್ಯೂಲ್ ಕೋಶಗಳ ವಂಶ ಸ್ರವಿಸುವ ರೀಲಿನ್ ಎಂಬ ಪ್ರೋಟೀನು ಅದರಲ್ಲಿಲ್ಲ. ಅದಿಲ್ಲದೆ ಪರ್ಕಿಂಜಿ ಕೋಶಗಳು ಒಂದು ಸಾಲಾಗಿ ಹರಡದೆ ಆಳದಲ್ಲೇ ಗುಂಪುಗಟ್ಟುತ್ತವೆ. ಆಳದಿಂದ ಹೆಡ್ಜ್‌ಹಾಗ್ ಮೇಲಕ್ಕೆ ಮುಟ್ಟದು, ಗ್ರಾನ್ಯೂಲ್ ಕೋಶ ಸಾಕಷ್ಟು ಹುಟ್ಟದು, ಕಿರುಮೆದುಳು ಪುಟ್ಟದಾಗಿ ಮಡಿಕೆಗಳಿಲ್ಲದೆ ಉಳಿಯುತ್ತದೆ. ಆಳದಲ್ಲಿ ಸಿಕ್ಕಿಕೊಂಡ ಪರ್ಕಿಂಜಿ ಕೋಶಕ್ಕೆ ಅಡ್ಡತಂತುಗಳೂ ಸಿಗುವುದಿಲ್ಲ, ಹಾಗಾಗಿ ಅದರ ಹೆಚ್ಚುವರಿ ಬಳ್ಳಿಗಳೂ ಕಳಚುವುದಿಲ್ಲ.

ಮನುಷ್ಯರಲ್ಲಿ ಮೇಲ್ಪದರದ ಕೋಶಗಳು ಒಡೆಯುವುದು ಹೆರಿಗೆಯಾದ ಮೇಲೂ ತಿಂಗಳುಗಟ್ಟಲೆ ಮುಂದುವರಿಯುತ್ತದೆ. ಗರ್ಭದ 24ರಿಂದ 40ನೇ ವಾರದ ನಡುವೆ ಕಿರುಮೆದುಳು ಹಲವು ಪಟ್ಟು ಹಿಗ್ಗುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಮಗುವಿನಲ್ಲಿ ಈ ಬೆಳವಣಿಗೆ ಹೊರಗೆ, ಐಸಿಯುನಲ್ಲಿ ನಡೆಯಬೇಕು. ಶ್ವಾಸಕೋಶಕ್ಕೆಂದು ಹುಟ್ಟಿದ ಮೇಲೆ ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಹೆಡ್ಜ್‌ಹಾಗ್ ಸಂಕೇತವನ್ನು ತಗ್ಗಿಸುತ್ತದೆ ಎಂದು ಇಲಿಗಳಲ್ಲಿ ಕಂಡುಬಂದಿದೆ. ವೈದ್ಯರು ಅದನ್ನು ಅಳೆದು ತೂಗಿ ಕೊಡುವುದಕ್ಕೆ ಇದೂ ಒಂದು ಕಾರಣ. ಹೆರಿಗೆಗೆ ಮುಂಚೆ ತಾಯಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ನಿನ ಲೆಕ್ಕ ಬೇರೆ, ಅದು ಮಗುವಿನ ಜೀವ ಉಳಿಸುವಂಥದ್ದು; ಬೇಡ ಎನ್ನಬೇಡಿ.

ಸಂಕೇತ ನಿಲ್ಲದೆ ಹೋದರೆ ಇನ್ನೊಂದು ಅಪಾಯ. ಹೆಡ್ಜ್‌ಹಾಗ್‌ಗೆ ಬ್ರೇಕ್ ಹಾಕುವ ಪ್ಯಾಚ್ಡ್ ಎಂಬ ಜೀನ್ ಕೆಟ್ಟರೆ ಮೇಲ್ಪದರದ ಕೋಶಗಳು ಒಡೆಯುತ್ತಲೇ ಹೋಗಿ ಮೆಡುಲೋಬ್ಲಾಸ್ಟೋಮಾ ಎಂಬ ಗಡ್ಡೆಯಾಗಬಹುದು. ಈ ಸಂಕೇತವನ್ನು ತಡೆಯುವ ಔಷಧಿಗಳಿವೆ. ಆದರೆ ಕೈಕಾಲಿನ ಎಲುಬು ಉದ್ದವಾಗುವುದಕ್ಕೂ ಇದೇ ಬಗೆಯ ಸಂಕೇತ ಬೇಕು. ಬೆಳೆಯುವ ಮಗುವಿಗೆ ಕೊಟ್ಟರೆ ಎಲುಬಿನ ತುದಿಗಳು ಅಕಾಲದಲ್ಲಿ ಬೆಸೆದುಕೊಂಡು ಮಗು ಕುಳ್ಳಾಗಿ ಉಳಿಯಬಹುದು. ಹಾಗಾಗಿ ಇವನ್ನು ಮುಖ್ಯವಾಗಿ ಎಲುಬಿನ ಬೆಳವಣಿಗೆ ಮುಗಿದ ರೋಗಿಗಳಿಗೆ ಪರಿಗಣಿಸುತ್ತಾರೆ.

ನಮಸ್ಕಾರ.